ಸಾವಿರದ ನಾಲ್ಕು

ಬೈತಖೋಲದ ಮೀನುಗಾರರ ಸಂಘದ ಮಾಳಿಗೆಯಲ್ಲಿ
ಸರ್ವರ್ ಇರುವುದು ಐಸಿನ ಲೆಕ್ಕದ ಕಪಾಟಿನ ಪಕ್ಕ.
ಮೇಲೊಂದು ಫ್ಯಾನು, ಕೆಳಗೆ ತುಕ್ಕು. ಉಪ್ಪುಗಾಳಿ
ತಿರುಪಿನ ತಲೆಗಳನ್ನೂ ಬಿಟ್ಟಿಲ್ಲ.
ದಿನಾ ರಾತ್ರಿ ಮೂರೂವರೆಗೆ ಇಲ್ಲಿನ ಕಡತಗಳೆಲ್ಲ
ಒಂದೇ ಗಂಟಾಗಿ ಕುಮಟೆಯ ಶಾಖೆಗೆ ಹೋಗಬೇಕು.
ಹೋಗುತ್ತಿರಲಿಲ್ಲ. ಹನ್ನೊಂದು ದಿನದಿಂದ
ಗಂಟು ಅರ್ಧಕ್ಕೇ ಬಿಚ್ಚಿಕೊಳ್ಳುತ್ತಿತ್ತು;
ಅಂಕೋಲೆಯಿಂದ ನನ್ನನ್ನು ಕರೆಸಿದರು.

ಲಾಗ್ ತೆರೆದೆ. ಮೊದಲ ದೂರು:
ಓದುತ್ತಿರುವಾಗಲೇ ಕಡತ ಬದಲಾಯಿತು.
ಯಾರಪ್ಪ ಆ ಹೊತ್ತಿನಲ್ಲಿ ಬದಲಿಸುವವರು ಅಂತ
ಒಂದು ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗಿದೆ.
ಮೂರಕ್ಕೆಲ್ಲ ಎಬ್ಬಿಸಿತು ಹರಾಜಿನ ಕೂಗು.
ಬಂಗಡೆ ಬುಟ್ಟಿಗೆ ಇಷ್ಟು, ಸಿಗಡಿ ಕಿಲೋಗೆ ಅಷ್ಟು,
ಕೆಳಗೆ ರೇಷ್ಮಾ ತಾಂಡೇಲ ಒದ್ದೆ ಬೆರಳಲ್ಲೇ
ದರ ಒತ್ತುತ್ತಿದ್ದಾಳೆ, ಅಳಿಸುತ್ತಿದ್ದಾಳೆ, ಮತ್ತೆ ಒತ್ತುತ್ತಿದ್ದಾಳೆ.
ರಾತ್ರಿ ಅಂದರೆ ನಿದ್ದೆ ಅಂತ ಬರೆದಿಟ್ಟವನು
ಬಂದರು ನೋಡಿದವನಲ್ಲ.
ಗಂಟು ಕಟ್ಟುವ ಹೊತ್ತನ್ನು ಮಧ್ಯಾಹ್ನ ಎರಡಕ್ಕೆ ಹಾಕಿದೆ,
ನಾಯಿಗಳೂ ಬಲೆಯ ರಾಶಿಯ ನೆರಳಲ್ಲಿ
ಕಾಲು ಚಾಚಿರುವ ಹೊತ್ತು.

ಎರಡನೆಯ ದೂರು: ಅನುಮತಿ ಇಲ್ಲ.
ಒಂದೇ ಕಡತ. ಸಣ್ಣದು, ಒಂದು ಫೋಟೊದಷ್ಟೂ ತೂಕವಿಲ್ಲ.
ಒಡೆಯನ ಹೆಸರಿರಬೇಕಾದಲ್ಲಿ ಬರೀ ಅಂಕಿ: ೧೦೦೪.
ಓದಲು ಅವನೊಬ್ಬನಿಗೆ, ಬರೆಯಲು ಅವನೊಬ್ಬನಿಗೆ,
ಉಳಿದವರಿಗೆ ಗೆರೆ, ಗೆರೆ, ಗೆರೆ.

ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿ
"ಅದು ಪುರ್ಸುವಿನದು" ಅಂದರು.
ಪುರ್ಸು ದುರ್ಗೇಕರ, ಉದ್ರಿ ಲೆಕ್ಕದ ಗುಮಾಸ್ತ.
ಹೋದ ಆಷಾಢದಲ್ಲಿ ತೀರಿಕೊಂಡ. ಖಾತೆ ಅಳಿಸಿದ್ದಾರೆ;
ಹೆಸರು ಹೋಯಿತು, ಅಂಕಿ ಉಳಿಯಿತು.
ಯಂತ್ರಕ್ಕೆ ಮೊದಲಿಂದಲೂ ಅಂಕಿಯೇ ಗೊತ್ತಿದ್ದದ್ದು,
ಹೆಸರು ನಮ್ಮ ಸಮಾಧಾನಕ್ಕೆ.

ನಾನು ಈ ಯಂತ್ರದ ರೂಟು. ಯಾವ ಬಾಗಿಲೂ ತಡೆಯದು.
ಆದರೆ ಗಂಟು ಕಟ್ಟುವುದು ಕುಮಟೆಯ ಯಂತ್ರ,
ತಂತಿಯಾಚೆಯಿಂದ ಕೈ ಚಾಚಿ.
ತಂತಿ ದಾಟಿ ಬಂದವನು ಅಲ್ಲಿ ಎಂಥ ಯಜಮಾನನಾದರೂ
ಇಲ್ಲಿ ಅವನ ಹೆಸರು "ಯಾರೂ ಅಲ್ಲ".
ನಿಯಮವೇ ಹಾಗೆ. ನೇವಿಯ ಗೇಟಿನಲ್ಲಿ
ನಮ್ಮೂರ ಪಂಚಾಯ್ತಿ ಅಧ್ಯಕ್ಷರು ನಿಂತ ಹಾಗೆ.

"ತೆರೆದು ನೋಡು ಮಾರಾಯ" ಅಂದರು ಕಾರ್ಯದರ್ಶಿ,
"ಯಾರ್ಯಾರ ಬಾಕಿಯೋ." ಖಜಾಂಚಿ
"ಅಳಿಸಿಬಿಡು, ಪೀಡೆ ಕಳೀಲಿ" ಅಂದ.
ಒಂದು ಸಾಲಿನ ಆಜ್ಞೆ, ಒಂದು ಎಂಟರ್.
ಬೆರಳು ಅಲ್ಲೇ ಇತ್ತು.

ಭಾನುವಾರದ ಸಂತೆಯಲ್ಲಿ ಪುರ್ಸುವಿನ ಹೆಂಡತಿ
ಒಣಸಿಗಡಿ ಅಳೆಯುತ್ತಿದ್ದರು. ಹೇಳಿದೆ.
ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ; ಅಳತೆ ತಪ್ಪಲಿಲ್ಲ.
"ಅವರ ಟ್ರಂಕು ಕೂಡ ಹಾಗೇ ಇದೆ, ಬೀಗ ಹಾಕಿದ್ದು.
ಮನೆ ಬದಲಿಸಿದಾಗ ಎತ್ತಿಕೊಂಡು ಬಂದೆವು.
ಎತ್ತಿಕೊಂಡು ಹೋಗಲಿಕ್ಕೆ ಬಿಚ್ಚಬೇಕಾ?"
ಗಿರಾಕಿ ಬಂದಳು. ನನ್ನ ಕೈಗೊಂದು ಹಿಡಿ ಸಿಗಡಿ ಹಾಕಿ
"ದಾರಿ ಬಿಡು" ಅಂದರು.

ಬಿಚ್ಚಬೇಕಿಲ್ಲ.
ಗಂಟನ್ನು ಇಲ್ಲೇ ಕಟ್ಟಿದೆ, ಈ ಯಂತ್ರದೊಳಗೇ,
ಆಮೇಲೆ ಕುಮಟೆಗೆ ಕಳಿಸಿದೆ. ಒಡೆಯನ ಅಂಕಿ ಹಾಗೇ,
ಗೆರೆಗಳೂ ಹಾಗೇ. ಬೈಟುಗಳು ನನ್ನ ಮೂಲಕವೇ ಹಾದುಹೋದವು;
ಅಂಚೆಯ ಚೀಲಕ್ಕೆ ಕಾಗದ ಓದಲು ಬರುವುದಿಲ್ಲ.
ದೂರು: ಸೊನ್ನೆ.
ಹಳೆಯದೊಂದು ಯಂತ್ರದಲ್ಲಿ ಬಿಚ್ಚಿಯೂ ನೋಡಿದೆ
(ಗಂಟನ್ನು, ಕಡತವನ್ನಲ್ಲ).
ಒಮ್ಮೆಯೂ ಬಿಚ್ಚಿ ನೋಡದ ಬ್ಯಾಕಪ್ಪು
ಹೊಲಿದು ನೀರಿಗೇ ಇಳಿಸದ ಬಲೆ.

ಸೋಮವಾರ ಹೊಸ ಹುಡುಗ ಸೇರಿದ, ಇನಾಸ್.
ಖಾತೆ ತೆರೆಯಹೊರಟರೆ ಯಂತ್ರ ತಾನಾಗಿ
ಖಾಲಿ ಇದ್ದ ಅಂಕಿ ಮುಂದಿಟ್ಟಿತು: ೧೦೦೪.
ಕೊಟ್ಟರೆ ಪುರ್ಸುವಿನ ಬೀಗ
ಇಬ್ಬರಿಗೂ ಗೊತ್ತಾಗದೆ
ಇವನ ಕೀಲಿಗೆ ತೆರೆಯುತ್ತದೆ.
ಅಳಿಸಿ, ಕೈಯಾರೆ ೧೦೦೫ ಒತ್ತಿದೆ.

"ನಡುವೆ ಒಂದು ಬಿಟ್ಟುಹೋಯಿತಲ್ಲ ಸರ್" ಅಂದ ಇನಾಸ್.
"ಹೌದು" ಅಂದೆ.
ಕೆಳಗೆ ಯಾರೋ ಐಸು ಜಜ್ಜುವುದನ್ನು ನಿಲ್ಲಿಸಿದರು.
ಎರಡು ಹೊಡೆಯಿತು.